ಮೊದಲು ಕೈ ಕಲಿಯಲಿ, ಕರೆಂಟು ಆಮೇಲೆ ಬರಲಿ

ಈ ಸಲ ಉತ್ತರಕ್ಕೆ ಆರಿಸಿಕೊಂಡ ಪತ್ರಗಳೆಲ್ಲ ಬಾಗಲಕೋಟೆ ಜಿಲ್ಲೆಯವು. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಇವೆಲ್ಲ ಕಬ್ಬು, ಮಗ್ಗ ಮತ್ತು ಪಂಪ್‌ಸೆಟ್ಟಿನ ಊರುಗಳು. ಇಲ್ಲಿ ಒಂದು ಮೋಟಾರು ಸುಟ್ಟರೆ ಮನೆಯ ತಿಂಗಳ ಲೆಕ್ಕವೇ ಏರುಪೇರಾಗುತ್ತದೆ. ಮೋಟಾರು ಕಲಿಯುವ ಮಕ್ಕಳೂ ಅವರ ಹೆತ್ತವರೂ ಕೇಳಿದ ಪ್ರಶ್ನೆಗಳಿಗೆ ಹಾಗಾಗಿಯೇ ಸ್ವಲ್ಪ ಹೆಚ್ಚು ಜಾಗ ಕೊಟ್ಟಿದ್ದೇನೆ.

*

ಪ್ರಶ್ನೆ: ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಎರಡನೇ ವರ್ಷದಲ್ಲಿದ್ದೇನೆ. ಹೋದ ತಿಂಗಳು ಸ್ಟಾರ್ಟರ್ ಬೋರ್ಡಿನ ವೈರ್ ಬಿಚ್ಚುವಾಗ ಕೈಗೆ ಕರೆಂಟು ಹೊಡೆಯಿತು. ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಬೋರ್ಡಿನ ಮುಂದೆ ನಿಂತರೆ ಕೈ ನಡುಗುತ್ತದೆ. ಗೆಳೆಯರು ಅಂಜುಬುರುಕ ಎಂದು ನಗುತ್ತಾರೆ. ಈ ಟ್ರೇಡ್ ನನಗಲ್ಲವೇನೋ ಅನ್ನಿಸುತ್ತಿದೆ. ಬಿಟ್ಟುಬಿಡಲೇ?
— ವಿದ್ಯಾರ್ಥಿ, ಮುಧೋಳ

ಉತ್ತರ: ಬಿಡಬೇಡಿ. ಕರೆಂಟು ಹೊಡೆದ ಮೇಲೆ ಕೈ ನಡುಗುವುದು ಸಹಜ, ಅದು ಅಂಜುಬುರುಕತನವಲ್ಲ. ಈ ಕೆಲಸದಲ್ಲಿ ಮೂವತ್ತು ವರ್ಷ ದುಡಿದು ಕೈಕಾಲು ಸರಿಯಾಗಿಟ್ಟುಕೊಂಡು ನಿವೃತ್ತರಾದವರನ್ನು ಮಾತಾಡಿಸಿ ನೋಡಿ. ಎಲ್ಲರಿಗೂ ನಿಮ್ಮಷ್ಟೇ ಅಂಜಿಕೆ ಇರುತ್ತದೆ, ನಡುಕ ಮಾತ್ರ ಹೋಗಿರುತ್ತದೆ.

ಮೊದಲು ಆರೋಗ್ಯದ ಮಾತು. ‘ಏನೂ ಆಗಲಿಲ್ಲ’ ಎಂದು ಬರೆದಿದ್ದೀರಿ. ಆಮೇಲೆ ಎದೆ ಡವಗುಟ್ಟುವುದು, ತಲೆ ಸುತ್ತು, ಕೈ ಜೋಮು ಹಿಡಿಯುವುದು ಏನಾದರೂ ಆಗಿದ್ದರೆ ವೈದ್ಯರಿಗೆ ತೋರಿಸಿ ಒಂದು ಇಸಿಜಿ (ಹೃದಯ ಬಡಿತದ ನಕ್ಷೆ) ಮಾಡಿಸಿಕೊಳ್ಳಿ. ಕಲಿಸುವ ಗುರುಗಳಿಗೂ ವಿಷಯ ತಿಳಿಸಿ, ಮುಚ್ಚಿಡಬೇಡಿ. ಅದೇ ಬೋರ್ಡಿನ ಮುಂದೆ ನಾಳೆ ಇನ್ನೊಬ್ಬ ಹುಡುಗ ನಿಲ್ಲುತ್ತಾನೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಎರಡು ಅಂಜಿಕೆಗಳು ಕಲೆತುಹೋಗಿವೆ. ಮೊದಲನೆಯದು, ಈ ವೈರಿನಲ್ಲಿ ಕರೆಂಟು ಇದೆಯೋ ಇಲ್ಲವೋ ಎಂಬ ಅನುಮಾನ. ಎರಡನೆಯದು, ಎಲ್ಲರ ಕಣ್ಣೆದುರು ಕೈ ತಪ್ಪೀತೆಂಬ ಸಂಕೋಚ. ಎರಡಕ್ಕೂ ಮದ್ದು ಬೇರೆ ಬೇರೆ.

ಅನುಮಾನಕ್ಕೆ ಮದ್ದು ಪರೀಕ್ಷೆ. ಮೇನ್ ಸ್ವಿಚ್ ಆಫ್ ಮಾಡಿ. ಬೀಗ ಹಾಕುವ ಅನುಕೂಲ ಇದ್ದರೆ ಹಾಕಿ, ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ಇಲ್ಲದಿದ್ದರೆ ಫ್ಯೂಸ್ ಕಿತ್ತು ಕೈಯಲ್ಲಿಟ್ಟುಕೊಳ್ಳಿ. ಆಮೇಲೆ ಮೀಟರನ್ನು ಮೊದಲು ಕರೆಂಟು ಇದೆಯೆಂದು ಖಚಿತವಾಗಿ ಗೊತ್ತಿರುವ ಸಾಕೆಟ್ಟಿನಲ್ಲಿ ಇಟ್ಟು ನೋಡಿ. ಅದು ಸರಿಯಾಗಿ ತೋರಿಸಬೇಕು. ನಂತರ ನೀವು ಮುಟ್ಟಬೇಕಾದ ಜಾಗವನ್ನು ಫೇಸಿನಿಂದ ಫೇಸಿಗೆ, ಫೇಸಿನಿಂದ ನ್ಯೂಟ್ರಲ್‌ಗೆ, ಫೇಸಿನಿಂದ ಅರ್ಥಿಂಗಿಗೆ ಅಳೆಯಿರಿ. ಕೊನೆಗೆ ಮತ್ತೆ ಅದೇ ಸಾಕೆಟ್ಟಿಗೆ ಹೋಗಿ ಮೀಟರು ಇನ್ನೂ ಬದುಕಿದೆಯೇ ಎಂದು ನೋಡಿ. ಮಧ್ಯದಲ್ಲಿ ಮೀಟರಿನ ವೈರೇ ಕಡಿದುಹೋಗಿದ್ದರೆ ಅದು ಎಲ್ಲ ಕಡೆ ಸೊನ್ನೆ ತೋರಿಸುತ್ತದೆ. ಆ ಸುಳ್ಳು ಸೊನ್ನೆಯನ್ನು ನಂಬಿ ಕೈ ಇಟ್ಟವರು ಬಹಳ ಜನ. ದೀಪ ಮಿಣುಕುವ ಟೆಸ್ಟರನ್ನು ಇದಕ್ಕೆ ನೆಚ್ಚಬೇಡಿ. ಬಿಸಿಲಲ್ಲಿ ಅದರ ಬೆಳಕು ಕಾಣುವುದಿಲ್ಲ, ಒಣ ನೆಲದ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತಾಗ ಸರಿಯಾಗಿ ಹೊತ್ತುವುದೂ ಇಲ್ಲ.

ಸಂಕೋಚಕ್ಕೆ ಮದ್ದು ಕರೆಂಟೇ ಇಲ್ಲದ ಅಭ್ಯಾಸ. ಮೂಲೆಯಲ್ಲಿ ಬಿದ್ದಿರುವ ಹಳೆಯ ಕಾಂಟ್ಯಾಕ್ಟರ್ (ಕಾಯಿಲಿಗೆ ಕರೆಂಟು ಕೊಟ್ಟರೆ ತಾನೇ ಎಳೆದುಕೊಂಡು ಮೋಟಾರಿಗೆ ದಾರಿ ಮಾಡಿಕೊಡುವ ಸ್ವಿಚ್ಚು) ಒಂದನ್ನು ಗುರುಗಳಿಂದ ಕೇಳಿ ಪಡೆಯಿರಿ. ಅದನ್ನು ಮೇಜಿನ ಮೇಲಿಟ್ಟು ಮಲ್ಟಿಮೀಟರನ್ನು ಪೀಂಯ್‌ಗುಡುವ ಕಡೆಗೆ ತಿರುಗಿಸಿ, ಕಡ್ಡಿಗಳನ್ನು 13 ಮತ್ತು 14 ಎಂದು ಬರೆದಿರುವ ಸ್ಕ್ರೂಗಳ ಮೇಲಿಡಿ. ಸದ್ದಿಲ್ಲ. ಈಗ ಕಾಂಟ್ಯಾಕ್ಟರಿನ ನಡುವಿನ ಗುಂಡಿಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಒತ್ತಿ. ಟಕ್ ಎಂದು ಒಳಗೆ ಹೋಗುತ್ತಲೇ ಮೀಟರು ಕೂಗುತ್ತದೆ. ಕಡ್ಡಿಗಳನ್ನು 21, 22ಕ್ಕೆ ಬದಲಾಯಿಸಿ: ಒತ್ತದಿದ್ದಾಗ ಕೂಗುತ್ತದೆ, ಒತ್ತಿದಾಗ ಸುಮ್ಮನಾಗುತ್ತದೆ. ಮೊದಲಿನದು ಎನ್‌ಓ (ಸಾಮಾನ್ಯವಾಗಿ ಬಿಟ್ಟಿರುವುದು), ಎರಡನೆಯದು ಎನ್‌ಸಿ (ಸಾಮಾನ್ಯವಾಗಿ ಕೂಡಿರುವುದು). ಪುಸ್ತಕದ ನಾಲ್ಕು ಪುಟ ಹೇಳುವುದನ್ನು ಆ ಒಂದು ಟಕ್ ಹೇಳಿಬಿಡುತ್ತದೆ.

ಇದಾದ ಮೇಲೆ ಡಿಓಎಲ್ ಸ್ಟಾರ್ಟರಿನ (ಮೋಟಾರಿಗೆ ನೇರವಾಗಿ ಪೂರ್ತಿ ವೋಲ್ಟೇಜ್ ಕೊಡುವ ಸ್ಟಾರ್ಟರ್) ಕಂಟ್ರೋಲ್ ಸರ್ಕೀಟನ್ನು ಹಾಳೆಯ ಮೇಲೆ ಬರೆಯಿರಿ. ಕೆಂಪು ಗುಂಡಿ ಎನ್‌ಸಿ, ಹಸಿರು ಗುಂಡಿ ಎನ್‌ಓ. ಹಸಿರು ಗುಂಡಿಗೆ ಸಮಾನಾಂತರವಾಗಿ 13-14. ಹಸಿರು ಒತ್ತಿದಾಗ ಕಾಯಿಲ್ ಎಳೆದುಕೊಳ್ಳುತ್ತದೆ, 13-14 ಕೂಡಿಕೊಳ್ಳುತ್ತದೆ. ಬೆರಳು ತೆಗೆದರೂ ಕಾಯಿಲಿಗೆ ಆ ದಾರಿಯಿಂದ ಕರೆಂಟು ಸಿಗುತ್ತಲೇ ಇರುತ್ತದೆ. ಇದಕ್ಕೆ ಹೋಲ್ಡಿಂಗ್ ಎನ್ನುತ್ತಾರೆ. ಕರೆಂಟು ಹೋದರೆ ಹಿಡಿತ ತಪ್ಪುತ್ತದೆ, ಬಂದರೂ ಮೋಟಾರು ತಾನಾಗಿ ತಿರುಗುವುದಿಲ್ಲ, ಮನುಷ್ಯ ಬಂದು ಹಸಿರು ಒತ್ತಲೇಬೇಕು. ಈ ಮಾತು ನೆನಪಿರಲಿ, ಬೀಳಗಿಯ ಪತ್ರದಲ್ಲಿ ಮತ್ತೆ ಬರುತ್ತದೆ.

ಇದೇ ಸರ್ಕೀಟನ್ನು 24 ವೋಲ್ಟ್ ಕಾಯಿಲಿನ ಕಾಂಟ್ಯಾಕ್ಟರ್ ಇಟ್ಟು, ಮೋಟಾರಿನ ಬದಲು ಸಣ್ಣ ದೀಪಗಳನ್ನು ಹಾಕಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ. ಹಾಳೆ ನೋಡದೆ ಕಟ್ಟಲು ಬಂದ ದಿನ 415 ವೋಲ್ಟ್ ಬೋರ್ಡಿಗೆ ಹೋಗಿ. ಆ ದಿನ ಕಾಲ ಕೆಳಗೆ ರಬ್ಬರ್ ಚಾಪೆ, ಎಮರ್ಜೆನ್ಸಿ ಗುಂಡಿಯ ಹತ್ತಿರ ಗುರುಗಳು ಇರಲಿ. ನಿಮ್ಮ ಪ್ರಯೋಗಶಾಲೆಯ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಮನುಷ್ಯನ ಮೂಲಕ ನೆಲಕ್ಕೆ ಸೋರಿದರೆ ತಟ್ಟನೆ ಕಡಿಯುವ ಸ್ವಿಚ್ಚು) ಇದೆಯೇ ಎಂದು ಕೇಳಿ ನೋಡಿ. ಕೇಳುವುದರಲ್ಲಿ ಅವಮಾನವಿಲ್ಲ.

*

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇವೆ. ನಾನು ಎಲೆಕ್ಟ್ರಿಷಿಯನ್ ಟ್ರೇಡಿಗೆ ಸೇರಿದ್ದೇನೆ, ತರಗತಿಯಲ್ಲಿ ಹುಡುಗಿಯರು ಬೆರಳೆಣಿಕೆ. ಮನೆಯ ಮೋಟಾರುಗಳ ಮೇಲೇ ಕಲಿಯಬೇಕೆಂಬ ಆಸೆ. ಅಜ್ಜಿ ಮಾತ್ರ ‘ಹುಡಿಗ್ಯಾರಿಗೆ ಇದೆಲ್ಲಾ ಯಾಕ ಬೇಕವಾ’ ಅನ್ನುತ್ತಾರೆ. ಮೋಟಾರು ಹಾಳಾದರೆ ದಿನದ ದುಡಿಮೆ ಹೋಗುತ್ತದೆ ಎಂದು ಅಪ್ಪನಿಗೂ ಚಿಂತೆ. ಎಲ್ಲಿಂದ ಶುರು ಮಾಡಲಿ?
— ವಿದ್ಯಾರ್ಥಿನಿ, ಬನಹಟ್ಟಿ

ಉತ್ತರ: ಅಜ್ಜಿಯ ಮಾತನ್ನು ಸಿಟ್ಟಿನಿಂದ ತೆಗೆದುಕೊಳ್ಳಬೇಡಿ. ಅವರು ಬೆಲ್ಟಿಗೆ ಸೆರಗು ಸಿಕ್ಕಿದ್ದನ್ನು, ಕೈ ಸಿಕ್ಕಿದ್ದನ್ನು ಕಂಡಿರಬಹುದು. ಅಪ್ಪನ ಚಿಂತೆಯೂ ನ್ಯಾಯವೇ. ಮಗ್ಗ ನಿಂತರೆ ಸೀರೆ ನಿಲ್ಲುತ್ತದೆ, ಸೀರೆ ನಿಂತರೆ ಕೂಲಿ ನಿಲ್ಲುತ್ತದೆ. ಆದ್ದರಿಂದ ನಿಮ್ಮ ಕಲಿಕೆ ಮಗ್ಗ ನಿಂತಿರುವ ಹೊತ್ತಿನಲ್ಲೇ ನಡೆಯಲಿ. ರಜೆಯ ದಿನ, ಮೇನ್ ಕಿತ್ತ ಮೇಲೆ ಕೈ ಹಾಕಿ.

ಮೊದಲ ಪಾಠಕ್ಕೆ ಬ್ರಷ್ಷು ಸಾಕು. ಮಗ್ಗದ ಮೋಟಾರಿನ ಮೈಮೇಲಿನ ಏಣುಗಳ ನಡುವೆ ಹತ್ತಿಯ ಧೂಳು ಮೆತ್ತಿಕೊಂಡು ಎಣ್ಣೆಯ ಜಿಡ್ಡಿನೊಂದಿಗೆ ಹಲಗೆಯಂತೆ ಗಟ್ಟಿಯಾಗಿರುತ್ತದೆ, ನೋಡಿ. ಆ ಏಣುಗಳು ಇರುವುದೇ ಬಿಸಿ ಹೊರಹಾಕಲು. ಹಿಂಬದಿಯ ಫ್ಯಾನಿನ ಮುಚ್ಚಳದ ತೂತುಗಳೂ ಕಟ್ಟಿದ್ದರೆ ಮೋಟಾರು ಉಸಿರಾಡುವುದೇ ಇಲ್ಲ. ವೈಂಡಿಂಗಿನ (ತಾಮ್ರದ ತಂತಿಯ ಸುತ್ತು) ಬಿಸಿ ಮಿತಿಯಿಂದಾಚೆ ಪ್ರತಿ 10 ಡಿಗ್ರಿ ಏರಿದಾಗಲೂ ಅದರ ಮೇಲಿನ ವಾರ್ನಿಷಿನ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ವೃತ್ತಿಯವರೆಲ್ಲ ಒಪ್ಪಿದ ಲೆಕ್ಕ. ನಾಲ್ಕೂ ಮೋಟಾರು ಕೆರೆದು ಒರೆಸಿ ಸ್ವಚ್ಛ ಮಾಡಿ. ಅಪ್ಪನ ಅರ್ಧ ಚಿಂತೆ ಅಲ್ಲೇ ಇಳಿಯುತ್ತದೆ.

ಎರಡನೆಯದು ನಾಮಫಲಕ. ಧೂಳು ಹೋದ ಮೇಲೆ ಓದಲು ಬರುತ್ತದೆ. ಎಚ್.ಪಿ. ಎಷ್ಟು, ಎಷ್ಟು ಆಂಪಿಯರ್, ಎಷ್ಟು ಸುತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಲ್ಲಿ 1440 ಎಂದಿದ್ದರೆ ಅದು ನಾಲ್ಕು ಪೋಲಿನ ಮೋಟಾರು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅದರ ಒಳಗಿನ ಕಾಂತ ಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, ರೋಟರು (ತಿರುಗುವ ಭಾಗ) ಅದರ ಹಿಂದೆ 60 ಸುತ್ತು ಕಡಿಮೆ ಓಡುತ್ತದೆ. ಈ ಕೊರತೆಗೆ ಸ್ಲಿಪ್ (ಜಾರಿಕೆ) ಎನ್ನುತ್ತಾರೆ. ಜಾರಿಕೆಯೇ ಇಲ್ಲದಿದ್ದರೆ ಈ ಜಾತಿಯ ಮೋಟಾರಿಗೆ ಎಳೆಯುವ ಬಲವೇ ಹುಟ್ಟುವುದಿಲ್ಲ.

ಆಮೇಲೆ ಟರ್ಮಿನಲ್ ಡಬ್ಬಿ ತೆರೆಯಿರಿ. ಮುಧೋಳದ ವಿದ್ಯಾರ್ಥಿಗೆ ಹೇಳಿದ ಪರೀಕ್ಷೆ ಮುಗಿಯದೆ ಬೆರಳು ಒಳಗೆ ಹೋಗಕೂಡದು. ಮೂರು ಜೋಡಿಗಳ ಓಮ್ ಅಳೆಯಿರಿ. ಮೂರೂ ಒಂದೇ ಸಮ ಬರಬೇಕು. ಒಂದು ಮಾತ್ರ ದೂರ ಸರಿದಿದ್ದರೆ ಆ ಸುತ್ತಿನಲ್ಲಿ ಏನೋ ಕೆಟ್ಟಿದೆ. ಐಟಿಐಯಿಂದ 500 ವೋಲ್ಟಿನ ಮೆಗ್ಗರ್ (ವೈಂಡಿಂಗಿನಿಂದ ಮೋಟಾರಿನ ಮೈಗೆ ಸೋರಿಕೆ ಇದೆಯೇ ಎಂದು ನೋಡುವ ಮೀಟರ್) ತರಲು ಅನುಮತಿ ಸಿಕ್ಕರೆ ಅದನ್ನೂ ಮಾಡಿ. 1 ಮೆಗಾಓಮ್‌ಗಿಂತ ಕಡಿಮೆ ತೋರಿಸುವ ಮೋಟಾರನ್ನು ಒಣಗಿಸದೆ ಚಾಲೂ ಮಾಡಬಾರದು.

ಬಿಚ್ಚುವ ಮುನ್ನ ಮೂರೂ ವೈರಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ. ಎರಡು ವೈರು ಅದಲುಬದಲಾದರೆ ಮೋಟಾರು ಉಲ್ಟಾ ತಿರುಗುತ್ತದೆ, ಉಲ್ಟಾ ತಿರುಗಿದ ಮಗ್ಗ ಏನು ಮಾಡುತ್ತದೆಂದು ನಿಮ್ಮ ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ಬಳೆ ತೆಗೆದಿಡಿ, ಜಡೆ ಕಟ್ಟಿ ಒಳಗೆ ಸೇರಿಸಿ, ದುಪಟ್ಟಾ ಬೇಡ. ನಿಮ್ಮ ತರಗತಿಯ ಗಂಡುಹುಡುಗರ ಕಡಗಕ್ಕೂ, ಮಣಿಕಟ್ಟಿನ ಕೆಂಪು ದಾರಕ್ಕೂ ಇದೇ ಮಾತು ಅನ್ವಯ. ಯಂತ್ರ ಗಂಡು-ಹೆಣ್ಣು ನೋಡುವುದಿಲ್ಲ.

*

ಪ್ರಶ್ನೆ: ಕೃಷ್ಣಾ ಹಿನ್ನೀರಿನ ಹತ್ತಿರ ನಮ್ಮ ಹೊಲ, 10 ಎಚ್.ಪಿ. ಪಂಪ್‌ಸೆಟ್, ಸ್ಟಾರ್-ಡೆಲ್ಟಾ ಸ್ಟಾರ್ಟರ್. ಒಂದೇ ವರ್ಷದಲ್ಲಿ ಎರಡು ಸಲ ಮೋಟಾರು ಸುಟ್ಟಿತು. ಪಿಯುಸಿ ಓದುವ ಮಗ ಮೊಬೈಲಿನಲ್ಲಿ ವಿಡಿಯೋ ನೋಡಿ ಸ್ಟಾರ್ಟರ್ ಡಬ್ಬಿ ಬಿಚ್ಚುತ್ತಾನೆ. ಬೇಡ ಅಂದರೆ ಕೇಳುವುದಿಲ್ಲ. ರಾತ್ರಿ ತ್ರೀಫೇಸ್ ಬಂದಾಗ ಹೋಗಲಾಗದೆ ಆಟೋ ಸ್ವಿಚ್ ಹಾಕಿದ್ದೇವೆ. ಹುಡುಗನಿಗೆ ಏನಾದರೂ ಆದರೆ ಎಂದು ನಿದ್ದೆ ಬರುವುದಿಲ್ಲ.
— ರೈತರು, ಬೀಳಗಿ ತಾಲ್ಲೂಕು

ಉತ್ತರ: ನಿಮ್ಮ ಅಂಜಿಕೆ ಸರಿಯಾದ ಜಾಗದಲ್ಲೇ ಇದೆ. ಅದನ್ನು ಹಗುರ ಮಾಡಿ ಹೇಳಲಾರೆ. ಆದರೆ ಮಗ ಕೈ ಹಾಕುತ್ತಿರುವುದು ಮೋಜಿಗಲ್ಲ, ಎರಡು ಸಲ ಸುಟ್ಟ ಮೋಟಾರಿನ ಕಾರಣ ಹುಡುಕಲು. ಆ ಕುತೂಹಲವನ್ನು ಬೈದು ಮುಚ್ಚಿಸಿದರೆ ನೀವಿಲ್ಲದಾಗ ಡಬ್ಬಿ ಬಿಚ್ಚುತ್ತಾನೆ. ಕೂಡಿಸಿಕೊಂಡು ಕಲಿಸುವುದೇ ಕ್ಷೇಮ.

ಮೊದಲು ಮೋಟಾರು ಏಕೆ ಸುಟ್ಟಿತೆಂದು ನೋಡೋಣ. ಟಿ.ಸಿ.ಯಲ್ಲಿ (ಟ್ರಾನ್ಸ್‌ಫಾರ್ಮರ್) ಒಂದು ಫ್ಯೂಸ್ ಹೋದರೆ ಮೂರು ಫೇಸಿನಲ್ಲಿ ಒಂದು ಬರುವುದಿಲ್ಲ. ಓಡುತ್ತಿರುವ ಮೋಟಾರು ಆಗ ನಿಲ್ಲುವುದಿಲ್ಲ, ಉಳಿದ ಎರಡರ ಮೇಲೆಯೇ ಹೆಣಗುತ್ತದೆ. ಅವೆರಡರಲ್ಲಿ ಕರೆಂಟು ಸುಮಾರು 1.7 ಪಟ್ಟು ಏರುತ್ತದೆ. ನಿಂತ ಮೋಟಾರಾದರೆ ತಿರುಗದೆ ಗುಂಯ್‌ಗುಡುತ್ತ ಇನ್ನೂ ಬೇಗ ಬೇಯುತ್ತದೆ.

ಸ್ಟಾರ್ಟರ್ ಏಕೆ ಬೀಳಲಿಲ್ಲ ಎಂದು ನೀವು ಕೇಳಬಹುದು. ಕಾಯಿಲಿಗೆ ಕರೆಂಟು ಸಾಮಾನ್ಯವಾಗಿ ಎರಡು ಫೇಸಿನಿಂದ ಸಿಗುತ್ತದೆ, ಕೆಂಪು ಮತ್ತು ಹಳದಿ ಎಂದಿಟ್ಟುಕೊಳ್ಳಿ. ನೀಲಿ ಹೋದರೆ ಕಾಯಿಲಿಗೆ ಅದು ಗೊತ್ತೇ ಆಗುವುದಿಲ್ಲ, ಹಿಡಿದುಕೊಂಡೇ ಇರುತ್ತದೆ. ಆಗ ಕಾಪಾಡಬೇಕಾದದ್ದು ಓವರ್‌ಲೋಡ್ ರಿಲೇ (ಕರೆಂಟು ಮಿತಿ ಮೀರಿದರೆ ಸ್ಟಾರ್ಟರ್ ಬೀಳಿಸುವ ಸಾಧನ). ಅದು ಕೆಲಸ ಮಾಡಲು ಅದರ ತಿರುಗಣೆ ಸರಿಯಾದ ಅಂಕಿಯ ಮೇಲಿರಬೇಕು.

ಸ್ಟಾರ್-ಡೆಲ್ಟಾದಲ್ಲಿ (ವೈಂಡಿಂಗಿಗೆ ಮೊದಲು ಕಡಿಮೆ ವೋಲ್ಟೇಜ್, ಆಮೇಲೆ ಪೂರ್ತಿ ಕೊಡುವ ಸ್ಟಾರ್ಟರ್) ಹೆಚ್ಚಿನವರು ಎಡವುವುದು ಇಲ್ಲೇ. ರಿಲೇ ವೈಂಡಿಂಗಿನ ಸಾಲಿನಲ್ಲಿ ಕೂತಿದ್ದರೆ ಅದರ ಮೂಲಕ ಹರಿಯುವುದು ಪೂರ್ತಿ ಕರೆಂಟಲ್ಲ, ಅದರ 0.58ರಷ್ಟು ಮಾತ್ರ. ನಾಮಫಲಕದಲ್ಲಿ 14 ಆಂಪಿಯರ್ ಇದ್ದರೆ ರಿಲೇ 8ರ ಆಸುಪಾಸಿನಲ್ಲಿರಬೇಕು. ಪದೇ ಪದೇ ಟ್ರಿಪ್ ಆಗುತ್ತದೆಂದು 14ಕ್ಕೆ ಏರಿಸಿಟ್ಟವರ ಮೋಟಾರಿಗೆ ಕಾವಲೇ ಇರುವುದಿಲ್ಲ. ನಿಮ್ಮ ತಿರುಗಣೆ ಎಲ್ಲಿದೆ ಎಂದು ಇವತ್ತೇ ನೋಡಿ. ರಿಲೇ ಲೈನಿನಲ್ಲಿದೆಯೋ ವೈಂಡಿಂಗಿನಲ್ಲಿದೆಯೋ ಎಂಬುದನ್ನು ಸ್ಟಾರ್ಟರ್ ಮುಚ್ಚಳದ ಒಳಗೆ ಅಂಟಿಸಿದ ನಕ್ಷೆ ಹೇಳುತ್ತದೆ.

ಇದರ ಜೊತೆಗೆ ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದ ಕೂಡಲೇ ಸ್ಟಾರ್ಟರ್ ಬೀಳಿಸುವ ಸಾಧನ) ಹಾಕಿಸಿ. ಕೊಳ್ಳುವಾಗ ಕರೆಂಟು ನೋಡಿ ಕಡಿಯುವಂಥದ್ದನ್ನೇ ಕೇಳಿ. ವೋಲ್ಟೇಜ್ ನೋಡುವಂಥದ್ದು ಕೆಲವೊಮ್ಮೆ ಮೋಸ ಹೋಗುತ್ತದೆ, ಏಕೆಂದರೆ ಓಡುತ್ತಿರುವ ಮೋಟಾರು ಸತ್ತ ಫೇಸಿನಲ್ಲೂ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ರಿವೈಂಡಿಂಗ್ ಉಚಿತವಲ್ಲ!

ಈಗ ಆಟೋ ಸ್ವಿಚ್ಚಿನ ವಿಷಯ. ಕರೆಂಟು ಹೋಗಿ ಬಂದಾಗ ಮೋಟಾರು ತಾನಾಗಿ ತಿರುಗಬಾರದೆಂದೇ ಸ್ಟಾರ್ಟರಿನಲ್ಲಿ ಹೋಲ್ಡಿಂಗ್ ಇಟ್ಟಿರುವುದು. ಆಟೋ ಸ್ವಿಚ್ ಆ ಕಾವಲನ್ನು ತೆಗೆಯುತ್ತದೆ. ರಾತ್ರಿ ಹಾವು-ಚೇಳಿನ ನಡುವೆ ಹೊಲಕ್ಕೆ ಹೋಗಿ ಎಂದು ನಾನು ಮೇಜಿನ ಮುಂದೆ ಕೂತು ಹೇಳುವುದು ಸುಲಭ, ಹಾಗೆ ಹೇಳುವುದಿಲ್ಲ. ಇಷ್ಟು ಮಾಡಿ: ಪಂಪಿನ, ಪೈಪಿನ, ಡಬ್ಬಿಯ ಯಾವ ಕೆಲಸಕ್ಕೇ ಹೋದರೂ ಮೊದಲು ಆಟೋ ಆಫ್, ಆಮೇಲೆ ಮೇನ್ ಆಫ್, ಫ್ಯೂಸ್ ಕಿತ್ತು ಜೇಬಿಗೆ. ಕರೆಂಟು ಹೋಗಿದೆಯಲ್ಲ ಎಂದು ಕೈ ಹಾಕಿದ ಗಳಿಗೆಯಲ್ಲೇ ತ್ರೀಫೇಸ್ ಬರಬಹುದು. ಬಾವಿಯಲ್ಲಿ ನೀರು ಇಳಿದರೆ ಪಂಪ್ ಖಾಲಿ ಓಡದಂತೆ ತಡೆಯುವ ಸಾಧನವೂ ಆಟೋ ಇರುವಲ್ಲಿ ಬೇಕೇ ಬೇಕು. ಟಿ.ಸಿ. ಫ್ಯೂಸಿಗೆ ನೀವಾಗಲೀ ಮಗನಾಗಲೀ ಯಾವ ಕಾರಣಕ್ಕೂ ಕೈ ಹಾಕಬೇಡಿ, 1912ಕ್ಕೆ ಫೋನ್ ಮಾಡಿ ಲೈನ್‌ಮನ್‌ರನ್ನು ಕರೆಸಿ.

ಮಗನಿಗೆ ಗುಜರಿಯಿಂದ ಒಂದು ಹಳೆಯ ಸ್ಟಾರ್-ಡೆಲ್ಟಾ ಸ್ಟಾರ್ಟರ್ ತಂದುಕೊಡಿ. ಮನೆಯ ಕಟ್ಟೆಯ ಮೇಲೆ ಕೂತು ಬಿಚ್ಚಲಿ, ಕೂಡಿಸಲಿ, ನಕ್ಷೆ ಬರೆಯಲಿ. ಸ್ಟಾರ್‌ನಲ್ಲಿ ಪ್ರತಿ ವೈಂಡಿಂಗಿಗೆ 415ರ ಬದಲು 240 ವೋಲ್ಟ್ ಮಾತ್ರ ಸಿಗುತ್ತದೆ, ಲೈನಿನಿಂದ ಎಳೆಯುವ ಕರೆಂಟು ಮೂರನೇ ಒಂದಕ್ಕೆ ಇಳಿಯುತ್ತದೆ, ತಿರುಗಿಸುವ ಬಲವೂ ಅಷ್ಟಕ್ಕೇ ಇಳಿಯುತ್ತದೆ. ಈ ಮೂರನ್ನೂ ಅವನು ನಿಮಗೆ ವಿವರಿಸಿ ಹೇಳಬಲ್ಲವನಾದರೆ ಮುಂದಿನ ವರ್ಷ ಐಟಿಐಗೋ ಡಿಪ್ಲೊಮಾಗೋ ಕಳಿಸಿ. ಹೊಲದ ಡಬ್ಬಿ ಮಾತ್ರ ಅಲ್ಲಿಯವರೆಗೆ ಪರವಾನಗಿ ಇರುವ ವೈರ್‌ಮನ್‌ಗೇ ಇರಲಿ, ಮಗ ಪಕ್ಕದಲ್ಲಿ ನಿಂತು ನೋಡಲಿ.

*

ಪ್ರಶ್ನೆ: ಐಟಿಐ ಓದುವ ಮಗನಿಗೆ ಮೀಟರ್ ಕೊಡಿಸಬೇಕಂತೆ. ಇನ್ನೂರು ರೂಪಾಯಿಯದೂ ಇದೆ, ಸಾವಿರಾರು ರೂಪಾಯಿಯದೂ ಇದೆ. ಯಾವುದು ಸಾಕು?
— ತಾಯಿ, ಮುಧೋಳ

ಉತ್ತರ: ತೀರಾ ಅಗ್ಗದ್ದು ಬೇಡ. ಮೀಟರಿನ ಮೇಲೂ ಅದರ ವೈರಿನ ಮೇಲೂ ‘ಕ್ಯಾಟ್ 3, 600 ವೋಲ್ಟ್’ ಎಂಬ ಗುರುತು ಇರುವ, ಹೆಸರಾಂತ ಕಂಪನಿಯ ಸಾಧಾರಣ ಮಾದರಿ ಸಾಕು. ಕೈಗೆ ಹಣ ಬಂದಾಗ ಕ್ಲಾಂಪ್ ಮೀಟರ್ (ವೈರ್ ಕತ್ತರಿಸದೆ, ಸುತ್ತ ಹಿಡಿದು ಕರೆಂಟು ಅಳೆಯುವುದು) ಕೊಡಿಸಿ.

ಮಗನಿಗೆ ಎರಡು ಮಾತು ಹೇಳಿ. ಕೆಂಪು ಕಡ್ಡಿ ಆಂಪಿಯರ್ ತೂತಿನಲ್ಲಿರುವಾಗ ವೋಲ್ಟ್ ಅಳೆಯಲು ಹೋದರೆ ಅದು ನೇರ ಶಾರ್ಟು, ಕೈಯಲ್ಲೇ ಸಿಡಿಯಬಹುದು. ಇನ್ನು ಕ್ಲಾಂಪಿನ ಬಾಯಿಯೊಳಗೆ ಒಂದೇ ವೈರ್ ಇರಬೇಕು. ಮೂರೂ ಫೇಸನ್ನು ಒಟ್ಟಿಗೆ ಹಿಡಿದರೆ ಮೋಟಾರು ಭರ್ತಿ ಓಡುತ್ತಿದ್ದರೂ ಸೊನ್ನೆಯೇ ಬರುತ್ತದೆ.

*

ಪ್ರಶ್ನೆ: ಡಿಪ್ಲೊಮಾ ಮುಗಿಸಿ ಸಕ್ಕರೆ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿ ತಾತ್ಕಾಲಿಕ ಕೆಲಸಕ್ಕಿದ್ದೇನೆ. ಕಾಂಟ್ಯಾಕ್ಟರ್, ರಿಲೇ ಗೊತ್ತು. ಆದರೆ ಎಲ್ಲ ಕಡೆ ಡ್ರೈವ್‌ಗಳು. ಕಾಲೇಜಿನಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ಒಂದು ಡ್ರೈವ್ ದೂರದಿಂದ ತೋರಿಸಿದ್ದರು, ಅಷ್ಟೇ. ಇಲ್ಲಿ ಹಿರಿಯರು ಮುಟ್ಟಲು ಬಿಡುವುದಿಲ್ಲ. ಹೀಗೇ ಆದರೆ ನಾನು ಎಂದಿಗೂ ಕಲಿಯುವುದಿಲ್ಲ ಎಂಬ ಭಯ.
— ಜಮಖಂಡಿ

ಉತ್ತರ: ಹಂಗಾಮಿನ ನಡುವೆ ಹಿರಿಯರು ಬಿಡದಿರುವುದಕ್ಕೆ ಕಾರಣವಿದೆ. ಕಬ್ಬಿನ ಗಾಡಿಗಳು ಅಂಗಳದಲ್ಲಿ ಸಾಲಾಗಿ ನಿಂತಿರುವಾಗ ಕೇನ್ ಕ್ಯಾರಿಯರಿನ (ಗಿರಣಿಗೆ ಕಬ್ಬು ಸಾಗಿಸುವ ಯಂತ್ರ) ಒಂದು ಡ್ರೈವ್ ನಿಂತರೆ ಇಡೀ ಗಿರಣಿ ನಿಲ್ಲುತ್ತದೆ. ಅವರ ಬಿಗಿಯನ್ನು ನಿಮ್ಮ ಮೇಲಿನ ಅಪನಂಬಿಕೆ ಎಂದುಕೊಳ್ಳಬೇಡಿ. ನಿಮ್ಮ ನಿಜವಾದ ತರಗತಿ ತೆರೆಯುವುದು ಕಬ್ಬು ನುರಿಸುವುದು ನಿಂತ ಮೇಲೆ, ಬೇಸಿಗೆಯ ಓವರ್‌ಹಾಲಿನಲ್ಲಿ. ಆಗ ಎಲ್ಲ ಪ್ಯಾನೆಲ್‌ಗಳ ಬಾಗಿಲು ತೆರೆದಿರುತ್ತವೆ, ಧೂಳು ಹೊಡೆಯಲು ಜನ ಬೇಕಾಗಿರುತ್ತದೆ. ಆ ಕೆಲಸಕ್ಕೆ ನೀವೇ ಮೊದಲು ಹೆಸರು ಕೊಡಿ.

ಅಲ್ಲಿಯವರೆಗೆ ಡ್ರೈವ್ ಒಳಗೆ ಏನಿದೆ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಿ. ವಿಎಫ್‌ಡಿ (ಕರೆಂಟಿನ ಹರ್ಟ್ಸ್ ಬದಲಿಸಿ ಮೋಟಾರಿನ ವೇಗ ಬದಲಿಸುವ ಯಂತ್ರ) ಮೂರು ಕೋಣೆಗಳ ಮನೆ. ಮೊದಲ ಕೋಣೆ ಎಸಿಯನ್ನು ಡಿಸಿ ಮಾಡುತ್ತದೆ. ನಡುಕೋಣೆಯಲ್ಲಿ ದೊಡ್ಡ ಕೆಪಾಸಿಟರ್‌ಗಳು ಆ ಡಿಸಿಯನ್ನು ತುಂಬಿಟ್ಟುಕೊಳ್ಳುತ್ತವೆ. ಕೊನೆಯ ಕೋಣೆ ಆ ಡಿಸಿಯನ್ನು ಕತ್ತರಿಸಿ ಕತ್ತರಿಸಿ ಬೇಕಾದ ಹರ್ಟ್ಸಿನ ಎಸಿ ಮಾಡಿ ಮೋಟಾರಿಗೆ ಕೊಡುತ್ತದೆ. 415 ವೋಲ್ಟ್ ಒಳಗೆ ಹೋದರೆ ನಡುಕೋಣೆಯಲ್ಲಿ ಸುಮಾರು 587 ವೋಲ್ಟ್ ಡಿಸಿ ನಿಂತಿರುತ್ತದೆ.

ಡ್ರೈವ್ ಕೆಲಸದಲ್ಲಿ ಜೀವ ತೆಗೆಯುವ ಜಾಗ ಇದೇ. ಬೆಲ್ಲದ ಗಾಣದಲ್ಲಿ ಒಲೆ ಆರಿಸಿದ ಮೇಲೂ ಕಡಾಯಿ ಎಷ್ಟೋ ಹೊತ್ತು ಸುಡುವಂತೆ, ಮೇನ್ ತೆಗೆದ ಮೇಲೂ ಈ ಕೆಪಾಸಿಟರ್‌ಗಳು ತುಂಬಿಕೊಂಡೇ ಇರುತ್ತವೆ. ಎಷ್ಟು ನಿಮಿಷ ಕಾಯಬೇಕೆಂದು ಡ್ರೈವಿನ ಮೈಮೇಲೆಯೇ ಬರೆದಿರುತ್ತದೆ: 5, 10, ದೊಡ್ಡದಾದರೆ ಇನ್ನೂ ಹೆಚ್ಚು. ಅಷ್ಟು ಕಾದು, ಆಮೇಲೂ ಡಿಸಿ ಟರ್ಮಿನಲ್‌ಗಳನ್ನು ಮೀಟರಿನಿಂದ ಅಳೆದು ನೋಡಿಯೇ ಕೈ ಇಡಿ. ಡಿಸ್‌ಪ್ಲೇ ಆರಿದ್ದನ್ನು ನಂಬಬೇಡಿ.

ಇನ್ನೆರಡು ‘ಬೇಡ’ಗಳು. ಡ್ರೈವಿನ ಯು, ವಿ, ಡಬ್ಲ್ಯು ಎಂಬ ಹೊರದಾರಿಗೆ ತಪ್ಪಿಯೂ ಮೇನ್ ಲೈನ್ ಕೊಡಬೇಡಿ, ಆ ಕ್ಷಣವೇ ಅದು ಸತ್ತಿತು. ಮೋಟಾರಿಗೆ ಮೆಗ್ಗರ್ ಹಾಕುವಾಗ ಡ್ರೈವಿನ ವೈರುಗಳನ್ನು ಬಿಚ್ಚಿ ದೂರ ಇಟ್ಟು ಹಾಕಿ.

ಕಲಿಕೆಗೆ ದಾರಿ ಹೀಗೆ. ಸಣ್ಣದೊಂದು ಡ್ರೈವ್, ಅರ್ಧವೋ ಒಂದೋ ಎಚ್.ಪಿ.ಯದು, ಹಿರಿಯರನ್ನು ಕೇಳಿ ಸ್ಟೋರಿನಿಂದ ಪಡೆಯಿರಿ; ಬದಲಾಯಿಸಿ ಇಟ್ಟ ಹಳೆಯದಾದರೂ ಸರಿ. ಬರೀ ಮೋಟಾರಿಗೆ ಕೂಡಿಸಿ, ಹೊರೆ ಬೇಡ. ಮೊದಲು ನಾಮಫಲಕದ ವೋಲ್ಟ್, ಆಂಪಿಯರ್, ಹರ್ಟ್ಸ್, ಸುತ್ತುಗಳನ್ನು ಪ್ಯಾರಾಮೀಟರಿಗೆ (ಡ್ರೈವಿಗೆ ಕೊಡುವ ಅಂಕಿಗಳು) ತುಂಬಿ. 50 ಹರ್ಟ್ಸಿಗೆ 415 ವೋಲ್ಟ್ ಇದ್ದರೆ 25 ಹರ್ಟ್ಸಿಗೆ ಸುಮಾರು 207 ವೋಲ್ಟ್. ಡಿಸ್‌ಪ್ಲೇ ಮೇಲೆ ಇವೆರಡೂ ಜೊತೆಯಾಗಿ ಇಳಿಯುವುದನ್ನು ಕಣ್ಣಾರೆ ನೋಡಿ. ಆಮೇಲೆ 10 ಹರ್ಟ್ಸಿನಲ್ಲಿ ಹದಿನೈದು ನಿಮಿಷ ಬಿಟ್ಟು ಮೋಟಾರಿನ ಹಿಂದೆ ಕೈ ಹಿಡಿಯಿರಿ. ಗಾಳಿ ಬಂದೂ ಬಾರದಂತಿರುತ್ತದೆ, ಏಕೆಂದರೆ ಫ್ಯಾನು ಅದೇ ಶಾಫ್ಟಿನ ಮೇಲಿದೆ. ಹೊರೆ ಹೊತ್ತು ನಿಧಾನವಾಗಿ ಓಡುವ ಮೋಟಾರಿಗೆ ಬೇರೆ ಫ್ಯಾನು ಏಕೆ ಕೂರಿಸುತ್ತಾರೆಂದು ಆಗ ಯಾರೂ ಹೇಳಬೇಕಾಗುವುದಿಲ್ಲ.

ನಿಮ್ಮ ಕಾರ್ಖಾನೆಯಲ್ಲಿ ನೋಡಲೇಬೇಕಾದದ್ದು ಸೆಂಟ್ರಿಫ್ಯೂಗಲ್ (ಸಕ್ಕರೆ ಹರಳಿನಿಂದ ಕಾಕಂಬಿಯನ್ನು ಗರಗರ ತಿರುಗಿಸಿ ಬೇರ್ಪಡಿಸುವ ಯಂತ್ರ). ಒಂದೊಂದು ಸುತ್ತಿನ ಕೆಲಸಕ್ಕೂ ಅದು ನಿಧಾನದಿಂದ ಸಾವಿರದಾಚೆಗಿನ ವೇಗಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ. ಅಷ್ಟು ತೂಕದ ಬುಟ್ಟಿಯನ್ನು ಇಳಿಸುವಾಗ ಮೋಟಾರು ಜನರೇಟರ್ ಆಗಿ ಕರೆಂಟನ್ನು ಹಿಂದಕ್ಕೆ ತಳ್ಳುತ್ತದೆ. ಅದಕ್ಕೆ ದಾರಿ ಇಲ್ಲದಿದ್ದರೆ ನಡುಕೋಣೆಯ ಡಿಸಿ ಏರಿ ಡ್ರೈವ್ ‘ಓವರ್ ವೋಲ್ಟೇಜ್’ ಎಂದು ಕೂಗಿ ನಿಲ್ಲುತ್ತದೆ. ನಿಮ್ಮ ಸಣ್ಣ ಡ್ರೈವಿನಲ್ಲಿ ಇಳಿಯುವ ಸಮಯವನ್ನು ತೀರಾ ಕಡಿಮೆ ಮಾಡಿ, ಶಾಫ್ಟಿಗೆ ಭಾರದ ಚಕ್ರ ಭದ್ರವಾಗಿ ಕೂರಿಸಿ, ಮೇಲೆ ಜಾಲರಿ ಮುಚ್ಚಿ ನಿಲ್ಲಿಸಿ ನೋಡಿದರೆ ಇದೇ ದೋಷ ಬರುತ್ತದೆ. ಏರುವ ಸಮಯ ಕಡಿಮೆ ಮಾಡಿದರೆ ‘ಓವರ್ ಕರೆಂಟ್’. ಎರಡನ್ನೂ ನೀವೇ ಬರಿಸಿ, ನೀವೇ ಹೋಗಲಾಡಿಸಿ.

ಪ್ರತಿ ಡ್ರೈವಿನ ಪ್ಯಾರಾಮೀಟರ್‌ಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹಂಗಾಮಿನ ರಾತ್ರಿ ಒಂದು ಡ್ರೈವ್ ಸತ್ತು ಬೇರೆಯದನ್ನು ಕೂರಿಸಬೇಕಾದಾಗ ಆ ಪುಸ್ತಕ ಇರುವವರನ್ನೇ ಹಿರಿಯರು ಹುಡುಕಿಕೊಂಡು ಬರುತ್ತಾರೆ.

*

ಪ್ರಶ್ನೆ: ಐಟಿಐಯಲ್ಲಿ ಕಿರಿಯ ಬೋಧಕ. ಇಪ್ಪತ್ತು ಮಕ್ಕಳಿಗೆ ನಾಲ್ಕು ಬೋರ್ಡು. ನಾಲ್ವರು ಕಟ್ಟುತ್ತಾರೆ, ಉಳಿದವರು ನೋಡುತ್ತಾರೆ. ಹೊಸ ಯಂತ್ರಗಳನ್ನು ಮಕ್ಕಳ ಕೈಗೆ ಕೊಡಲು, ಹಾಳಾದರೆ ಯಾರು ಉತ್ತರ ಕೊಡಬೇಕೆಂದು, ಅಂಜಿಕೆ.
— ರಬಕವಿ

ಉತ್ತರ: ಹೊಣೆ ಹೊತ್ತವರಿಗೆ ಈ ಅಂಜಿಕೆ ಬಾರದಿದ್ದರೆ ಆಶ್ಚರ್ಯ. 2022ರ ಜೂನ್‌ನಲ್ಲಿ ರಾಜ್ಯದ 150 ಐಟಿಐಗಳು ಮೇಲ್ದರ್ಜೆಗೇರಿ ಲೋಕಾರ್ಪಣೆಯಾದ ಮೇಲೆ ಎಷ್ಟೋ ಬೋಧಕರು ಇದೇ ಮಾತು ಹೇಳಿದ್ದಾರೆ. ಹಾಗೆಂದು ಮುಚ್ಚಿದ ಯಂತ್ರ ಹೊಸದಾಗಿಯೇ ಉಳಿಯುವುದಿಲ್ಲ, ಹಳತಾಗಿಯೇ ಹಾಳಾಗುತ್ತದೆ. ಬಳಸಿದ ದಿನ, ಬಳಸಿದವರ ಹೆಸರು ಬರೆಯುವ ರಿಜಿಸ್ಟರ್ ಇಡಿ. ಉತ್ತರ ಕೊಡಲು ಅದೇ ಆಧಾರ.

ನಾಲ್ಕು ಬೋರ್ಡಿನ ಸಮಸ್ಯೆಗೆ ದೋಷ ಹುಡುಕುವ ಆಟ ಹೂಡಿ. ಐವರ ಗುಂಪು ಮಾಡಿ. ಒಂದು ಗುಂಪು ಕಟ್ಟಿದ ಬೋರ್ಡಿನಲ್ಲಿ ಇನ್ನೊಂದು ಗುಂಪು, ಕರೆಂಟು ತೆಗೆದು, ಗುಟ್ಟಾಗಿ ಒಂದು ದೋಷ ಮಾಡಲಿ. ಓವರ್‌ಲೋಡ್ ರಿಲೇಯ 95ರ ವೈರನ್ನು ಸ್ಕ್ರೂನಿಂದ ಸರಿಸಿ ಅಲ್ಲೇ ಇದ್ದಂತೆ ನಿಲ್ಲಿಸಬಹುದು. ಆಗ ಯಾವ ಗುಂಡಿ ಒತ್ತಿದರೂ ಸದ್ದಿಲ್ಲ. 13ರ ವೈರ್ ತೆಗೆದರೆ ಬೆರಳು ಇರುವಷ್ಟು ಹೊತ್ತು ಮಾತ್ರ ಓಡುತ್ತದೆ. ಹೋಲ್ಡಿಂಗನ್ನು 13-14ರ ಬದಲು 21-22ಕ್ಕೆ ಕೊಟ್ಟರೆ ಮೇನ್ ಹಾಕಿದ ಕೂಡಲೇ ಕಾಂಟ್ಯಾಕ್ಟರ್ ಟಕಟಕಟಕ ಎಂದು ಬಡಿದುಕೊಳ್ಳುತ್ತದೆ. ಹೋಲ್ಡಿಂಗ್ ವೈರನ್ನು ಕೆಂಪು ಗುಂಡಿಯ ಮೇಲ್ಗಡೆ ಕೂಡಿಸಿದರೆ ಮೋಟಾರು ಶುರುವಾಗುತ್ತದೆ, ನಿಲ್ಲುವುದೇ ಇಲ್ಲ! ಈ ಕೊನೆಯ ದೋಷವನ್ನು ಎಮರ್ಜೆನ್ಸಿ ಗುಂಡಿ ಇರುವ ಬೋರ್ಡಿನಲ್ಲಿ, 24 ವೋಲ್ಟಿನಲ್ಲಿ ಮಾತ್ರ ಮಾಡಿಸಿ.

ಉಳಿದ ಮಕ್ಕಳು ಸುಮ್ಮನೆ ನಿಲ್ಲಬೇಕಿಲ್ಲ. ಒಬ್ಬರು ನಕ್ಷೆ ಹಿಡಿದು ಎಲ್ಲಿ ಅಳೆಯಬೇಕೆಂದು ಹೇಳಲಿ, ಒಬ್ಬರು ಅಳೆಯಲಿ, ಒಬ್ಬರು ಬರೆಯಲಿ, ಒಬ್ಬರು ಎಮರ್ಜೆನ್ಸಿ ಗುಂಡಿಯ ಕಾವಲಿಗೆ ನಿಲ್ಲಲಿ, ಐದನೆಯವರು ದೋಷ ಏನಿರಬಹುದೆಂದು ಮೊದಲೇ ಊಹಿಸಿ ಚೀಟಿಯಲ್ಲಿ ಬರೆದಿಡಲಿ. ಪ್ರತಿ ಸಲವೂ ಪಾತ್ರ ಬದಲಾಗಲಿ. ಅಂಕವನ್ನು ಎಷ್ಟು ಅಳತೆಯಲ್ಲಿ ದೋಷ ಸಿಕ್ಕಿತು ಎಂಬುದರ ಮೇಲೆ ಕೊಡಿ, ಬೇಗ ಮುಗಿಸಿದ್ದಕ್ಕೆ ಕೊಡಬೇಡಿ. ಅವಸರಕ್ಕೆ ಬಹುಮಾನ ಕೊಟ್ಟರೆ ಮಕ್ಕಳು ಮೊದಲು ಬಿಡುವುದು ಮೀಟರ್ ಪರೀಕ್ಷೆಯನ್ನು.

ಮುಗಿಸಿ ಹೊರಡುವವರಿಗೆ ಮುಂದಿನ ದಾರಿಗಳನ್ನೂ ತಿಳಿಸಿ: ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ತರಬೇತಿ, ವಿದ್ಯುತ್ ಪರಿವೀಕ್ಷಣಾಲಯದ ಮೂಲಕ ವೈರ್‌ಮನ್ ಪರವಾನಗಿ, ಇಲ್ಲವೇ ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ನೇರ ಪ್ರವೇಶ. ಕೊನೆಯದು ಇದೆಯೆಂದೇ ನಿಮ್ಮ ಭಾಗದ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ.

*

ಓದುಗರಲ್ಲಿ ಒಂದು ಕೋರಿಕೆ. ಮೋಟಾರಿನ ಬಗ್ಗೆ ಬರೆಯುವಾಗ ನಾಮಫಲಕದ ಎಚ್.ಪಿ., ವೋಲ್ಟ್, ಆಂಪಿಯರ್, ಸುತ್ತು, ಓವರ್‌ಲೋಡ್ ರಿಲೇಯ ತಿರುಗಣೆ ಇರುವ ಅಂಕಿ, ಸ್ಟಾರ್ಟರ್ ಯಾವ ಬಗೆಯದು ಎಂಬುದನ್ನು ಪತ್ರದಲ್ಲೇ ಸೇರಿಸಿ. ‘ಮೋಟಾರು ಸುಟ್ಟಿತು, ಏಕೆ?’ ಎಂದಷ್ಟೇ ಬರೆದ ಪತ್ರಕ್ಕೆ ಉತ್ತರ ಕೊಡಲು ಬರುವುದಿಲ್ಲ.